1942ರ ಲೆನಿನ್‌ಗ್ರಾಡ್ ಸಿಂಫನಿಗೆ ಲೈಸೆನ್ಸ್ ಪಡೆದದ್ದು: ನನ್ನ ಅನುಭವ

ನಮ್ಮ ಡಾಕ್ಯುಮೆಂಟರಿಗೆ ಬೇಕಾದ ಎಪ್ಪತ್ತು ಸೆಕೆಂಡಿನ ಹಳೆಯ ಸಿಂಫನಿ ತುಣುಕಿಗೆ, ಸೋವಿಯತ್ ಸಂಗೀತಕಾರ ಶೊಸ್ತಕೋವಿಚ್‌ನ ಲೆನಿನ್‌ಗ್ರಾಡ್ ಸಿಂಫನಿಯದು, ಲೈಸೆನ್ಸ್ ತೆಗೆದುಕೊಳ್ಳುತ್ತೇನೆ ಅಂದಾಗ ನಮ್ಮ ಎಡಿಟಿಂಗ್ ಬಳಗದಲ್ಲಿ ಒಬ್ಬರೂ ನಂಬಲಿಲ್ಲ. ‘1942ರ ರೆಕಾರ್ಡಿಂಗು, ಎಂಬತ್ತು ವರ್ಷ ದಾಟಿದೆ, ಸುಮ್ಮನೆ ಹಾಕು, ಯಾರು ಕೇಳ್ತಾರೆ’ ಅಂದರು ಒಬ್ಬರು. ‘ಬೆಂಗಳೂರಿನ ಸಣ್ಣ ಡಾಕ್ಯುಮೆಂಟರಿಯವರ ಮೇಲ್ ವಿದೇಶದ ಹಕ್ಕುದಾರರು ತೆರೆದೂ ನೋಡಲ್ಲ, ರೆಡಿಮೇಡ್ ಲೈಬ್ರರಿ ಟ್ರ್ಯಾಕ್ ಹಾಕಿ ಮುಗಿಸು’ ಅಂದರು ಇನ್ನೊಬ್ಬರು. ಈಗ ಪಬ್ಲಿಷರ್ (ಕೃತಿಯ ಹಕ್ಕು) ಮತ್ತು ಮಾಸ್ಟರ್ (ಧ್ವನಿಮುದ್ರಣದ ಹಕ್ಕು) ಎರಡೂ ಕಡೆಯ ಸಹಿ ಬಿದ್ದ ಕಾಗದ ನನ್ನ ಫೈಲಿನಲ್ಲಿದೆ. ಒಟ್ಟು ಖರ್ಚು ಒಂದು ಲಕ್ಷ ಮುಟ್ಟಲಿಲ್ಲ. 

ನಮ್ಮ ಚಿತ್ರ 1942ರ ಚಳವಳಿಯ ಕಾಲದ ಮೈಸೂರು ಸಂಸ್ಥಾನದ್ದು, ಕಥೆ ಹೋಗಿ ನಿಲ್ಲುವುದು ಈಸೂರಿನಲ್ಲಿ. ಆಗಸ್ಟ್ 9ರ ಬೆಳಗಿನ ಜಾವ ಮುಂಬೈಯಲ್ಲಿ ಗಾಂಧೀಜಿಯನ್ನು ಬಂಧಿಸಿದರು. ಅದೇ ದಿನ, ಜರ್ಮನ್ ಸೈನ್ಯದ ಮುತ್ತಿಗೆಯೊಳಗೆ ಹಸಿದು ಕೂತಿದ್ದ ಲೆನಿನ್‌ಗ್ರಾಡಿನಲ್ಲಿ ಆರ್ಕೆಸ್ಟ್ರಾ ಕಂಡಕ್ಟರ್ ಕಾರ್ಲ್ ಎಲಿಯಾಸ್‌ಬರ್ಗ್ ರೇಡಿಯೋ ಆರ್ಕೆಸ್ಟ್ರಾದಲ್ಲಿ ಅಳಿದುಳಿದ ವಾದಕರ ಜೊತೆಗೆ ಸೈನ್ಯದ ವಾದಕರನ್ನೂ ಕೂಡಿಸಿಕೊಂಡು ಶೊಸ್ತಕೋವಿಚ್‌ನ ಏಳನೇ ಸಿಂಫನಿ (ಇದೇ ಲೆನಿನ್‌ಗ್ರಾಡ್ ಸಿಂಫನಿ) ನುಡಿಸಿದರು. ಈ ಎರಡು ದೃಶ್ಯಗಳನ್ನು ಒಂದೇ ಕಟ್‌ನಲ್ಲಿ ತರಬೇಕು ಎಂಬುದು ನಿರ್ದೇಶಕರ ಆಸೆ. ಎಡಿಟ್ ಟೇಬಲ್ ಮೇಲೆ ಅದನ್ನು ನೋಡಿದಾಗಲೇ ಇದಕ್ಕೆ ಬದಲಿ ಸಂಗೀತ ಒಗ್ಗುವುದಿಲ್ಲ ಅನ್ನಿಸಿತ್ತು. ಸಿಂಫನಿಯ ಮೊದಲ ಮೂವ್‌ಮೆಂಟಿನ (ಖಂಡದ) ನಡುವೆ ಸ್ನೇರ್ ಡ್ರಮ್ ಹಿಡಿದು ಒಂದೇ ಮಟ್ಟು ಮತ್ತೆ ಮತ್ತೆ ಬಂದು ಊದಿಕೊಳ್ಳುತ್ತದಲ್ಲ, ಆ ಭಾಗವೇ ಬೇಕಿತ್ತು.

ಎಲಿಯಾಸ್‌ಬರ್ಗ್ ಅವರ ಆ ದಿನದ ಧ್ವನಿಮುದ್ರಣ ನಮಗೆ ಸಿಗಲಿಲ್ಲ. ಕಾಲಕ್ಕೆ ಹತ್ತಿರದ್ದು ಅಂದರೆ 1942ರ ಜುಲೈ 19ರಂದು ಆರ್ಕೆಸ್ಟ್ರಾ ಕಂಡಕ್ಟರ್ ಟೊಸ್ಕನಿನಿ ಎನ್‌ಬಿಸಿ ರೇಡಿಯೋದ ಸಿಂಫನಿ ಆರ್ಕೆಸ್ಟ್ರಾದೊಂದಿಗೆ ನ್ಯೂಯಾರ್ಕ್‌ನಲ್ಲಿ ಮಾಡಿದ ರೇಡಿಯೋ ಪ್ರಸಾರ. ಸ್ಕೋರು (ಕೃತಿಯ ಸ್ವರಲಿಪಿ) ಮೈಕ್ರೋಫಿಲ್ಮ್ ಆಗಿ ಟೆಹ್ರಾನ್, ಕೈರೋ ದಾಟಿ ಅಮೆರಿಕ ಸೇರಿದ ಕಥೆ ಸಂಗೀತದವರಿಗೆಲ್ಲ ಗೊತ್ತು. ಯುದ್ಧಕಾಲದ ಅಮೆರಿಕನ್ ಸಿಂಫನಿ ಹುಡುಕುವವರು ಇನ್ನೊಂದನ್ನು ನೆನಪಿಡಬೇಕು. 1942ರ ಆಗಸ್ಟ್ 1ರಿಂದ ಅಲ್ಲಿನ ವಾದಕರ ಸಂಘ ಸ್ಟುಡಿಯೋ ರೆಕಾರ್ಡಿಂಗ್ ನಿಲ್ಲಿಸಿತು. ಆರ್‌ಸಿಎ ಮತ್ತು ಕೊಲಂಬಿಯಾ ರೆಕಾರ್ಡ್ ಕಂಪನಿಗಳು ರಾಜಿಗೆ ಬಂದದ್ದು 1944ರ ನವೆಂಬರ್‌ನಲ್ಲಿ. ಅದರಿಂದಾಗಿ ಆ ಎರಡು ವರ್ಷಗಳಲ್ಲಿ ಸಿಗುವುದು ಹೆಚ್ಚಾಗಿ ಪ್ರಸಾರದ ಮುದ್ರಣಗಳೇ. ಪ್ರಸಾರದ ಮುದ್ರಣ ಅಂದರೆ ‘ನುಡಿಸಿದ ವರ್ಷ’ ಮತ್ತು ‘ಪ್ರಕಟವಾದ ವರ್ಷ’ ಬೇರೆ ಬೇರೆ ಆಗಬಹುದು.

ಎಲ್ಲರೂ ಎಡವುವುದು ಇಲ್ಲಿಯೇ. ಈ ಪ್ರಸಾರ ಆರ್‌ಸಿಎ ಎಲ್‌ಪಿಯಾಗಿ ಹೊರಬಂದದ್ದು 1967ರಲ್ಲಿ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ, ಅಂದರೆ ನನ್ನ ಲೆಕ್ಕಕ್ಕೆ 2027ರ ಕೊನೆಯವರೆಗೆ. ಅಮೆರಿಕದಲ್ಲಿ 2018ರ ಮ್ಯೂಸಿಕ್ ಮಾಡರ್ನೈಸೇಶನ್ ಕಾಯ್ದೆ ಬಂದ ಮೇಲೆ, 1923ರಿಂದ 1946ರೊಳಗೆ ಪ್ರಕಟವಾದದ್ದಕ್ಕೆ 100 ವರ್ಷ, 1947ರಿಂದ 56ರವರೆಗಿನದಕ್ಕೆ 110 ವರ್ಷ, ಅಲ್ಲಿಂದಾಚೆ 1972ರ ಫೆಬ್ರವರಿ ಮಧ್ಯದವರೆಗಿನ ಎಲ್ಲಕ್ಕೂ 2067ರ ಫೆಬ್ರವರಿ 15ರವರೆಗೆ. ನಮ್ಮ ತುಣುಕು ಕೊನೆಯ ಗುಂಪಿಗೆ ಬೀಳುತ್ತದೆ. ಇದು ಮಾಸ್ಟರ್ ಕಡೆಯ ಮಾತಾಯಿತು. ಶೊಸ್ತಕೋವಿಚ್ ತೀರಿದ್ದು 1975ರಲ್ಲಿ. ಆದ್ದರಿಂದ ಕೃತಿಯ ಹಕ್ಕು ಭಾರತದಲ್ಲಿ 2035ರ ಕೊನೆಯವರೆಗೆ, ಯುರೋಪಿನಲ್ಲಿ 2045ರ ಕೊನೆಯವರೆಗೆ ಇರುತ್ತದೆ. ಅಮೆರಿಕದಲ್ಲಿ ಸೋವಿಯತ್ ಕೃತಿಗಳು ಒಮ್ಮೆ ಎಲ್ಲರ ಸ್ವತ್ತಾಗಿದ್ದವು. ಆಮೇಲೆ ಹಕ್ಕು ಮರಳಿ ಬಂತು, 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಳೆಯ ಬ್ಲಾಗು ಓದಿ ‘ರಷ್ಯನ್ ಸಂಗೀತ ಫ್ರೀ’ ಅನ್ನುವವರ ಮಾತು ಕೇಳಬೇಡಿ.

ಬದಲಿ ದಾರಿಗಳನ್ನೂ ನೋಡಿದೆ. ಪೂರ್ವ ಯುರೋಪಿನ ಆರ್ಕೆಸ್ಟ್ರಾ ಒಂದರ ಹೊಸ ರೆಕಾರ್ಡಿಂಗ್ ಲೈಬ್ರರಿಯಲ್ಲಿ ಅಗ್ಗಕ್ಕೆ ಇತ್ತು, ಇನ್ನೂರು ಡಾಲರ್ ಚಿಲ್ಲರೆ. ಆದರೆ ಅದು ಮಾಸ್ಟರ್ ಮಾತ್ರ, ಕೃತಿಗೆ ಪಬ್ಲಿಷರ್ ಹತ್ತಿರ ಹೋಗಲೇಬೇಕು. ಸ್ಯಾಂಪಲ್ ಲೈಬ್ರರಿಯಲ್ಲಿ ಡ್ರಮ್ ಮತ್ತು ತಂತಿವಾದ್ಯ ಕೂಡಿಸಿ ನಾವೇ ಒಂದು ರಾತ್ರಿ ಕಟ್ಟಿ ನೋಡಿದೆವು. ಸ್ವರ ಸರಿಯಿತ್ತು, ಉಸಿರಿರಲಿಲ್ಲ. ಜರ್ಮನ್ ಕಂಡಕ್ಟರ್ ಫುರ್ಟ್‌ವೆಂಗ್ಲರ್ ಬರ್ಲಿನ್‌ನಲ್ಲಿ ಯುದ್ಧಕಾಲದಲ್ಲಿ ನುಡಿಸಿದ ಬೀಥೋವನ್ ಹಾಕೋಣವೆಂಬ ಸಲಹೆಯೂ ಬಂತು. ಬೀಥೋವನ್‌ಗೆ ಪಬ್ಲಿಷರ್ ಕಾಟವಿಲ್ಲ, ಮ್ಯಾಗ್ನೆಟೋಫೋನ್ (ಆ ಕಾಲದ ಜರ್ಮನ್ ಟೇಪ್ ರೆಕಾರ್ಡರ್) ಟೇಪಿನ ಧ್ವನಿ ಟೊಸ್ಕನಿನಿ ಪ್ರಸಾರಕ್ಕಿಂತ ಎಷ್ಟೋ ಚೆನ್ನ. ಆದರೆ ಆ ಟೇಪುಗಳಲ್ಲಿ ಹಲವು 1945ರಲ್ಲಿ ಮಾಸ್ಕೋಗೆ ಹೋಗಿ, ಅಲ್ಲಿ ಎಲ್‌ಪಿಯಾಗಿ ಬಂದು, 1987ರಲ್ಲಿ ಪ್ರತಿಗಳಾಗಿ ಬರ್ಲಿನ್‌ಗೆ ಮರಳಿದವು, ಮೂಲ ಮಾಸ್ಟರ್ ಯಾರದ್ದು ಎಂದು ತೀರ್ಮಾನಿಸುವುದೇ ದೊಡ್ಡ ಕೆಲಸ. ಅದಕ್ಕಿಂತ ಮುಖ್ಯ, ಮುತ್ತಿಗೆ ಹಾಕಿದವರ ರಾಜಧಾನಿಯ ರೇಡಿಯೋ ಧ್ವನಿಯನ್ನು ಲೆನಿನ್‌ಗ್ರಾಡಿನ ಬೀದಿಯ ಚಿತ್ರದ ಮೇಲೆ ಹಾಕುವುದು ನನ್ನಿಂದ ಸಾಧ್ಯವಿರಲಿಲ್ಲ. ಸತ್ತವರಿಗೆ ಅದು ಅನ್ಯಾಯ.

ಇದರ ನಡುವೆ ಒಂದು ಉಪಯೋಗದ ವಿಷಯ ಸಿಕ್ಕಿತು. ನಮ್ಮ ಜಯಚಾಮರಾಜೇಂದ್ರ ಒಡೆಯರ್ ಹಣ ಕೊಟ್ಟು 1940ರ ದಶಕದ ಕೊನೆಗೆ ಎಚ್‌ಎಂವಿಯಿಂದ ಮಾಡಿಸಿದ ರಷ್ಯನ್ ಸಂಗೀತಕಾರ ಮೆಟ್ನರ್ ಅವರ ಮುದ್ರಣಗಳಿವೆಯಲ್ಲ, ಅವುಗಳ ಹಕ್ಕನ್ನೂ ಲೆಕ್ಕ ಹಾಕಿದೆ. ಮೆಟ್ನರ್ ತೀರಿದ್ದು 1951ರಲ್ಲಿ, ಆ ಕಾಲದಲ್ಲೇ ಹೊರಬಂದ ಡಿಸ್ಕುಗಳ 60 ವರ್ಷವೂ ಮುಗಿದಿದೆ. ಹಾಗಾಗಿ ಭಾರತದೊಳಗಿನ ಬಳಕೆಗೆ ಎರಡೂ ಕಡೆ ದಾರಿ ತೆರೆದಿದೆ. ಅಮೆರಿಕಕ್ಕೆ ಹೋದರೆ ಆ 110 ವರ್ಷದ ಕಟ್ಟು ಅಡ್ಡ ಬರುತ್ತದೆ. ಮೈಸೂರಿನ ಬಗ್ಗೆ ಚಿತ್ರ ಮಾಡುವವರು ಇದನ್ನು ಬಿಡಬಾರದು.

ಇನ್ನು ದುಡ್ಡಿನ ಕಥೆ. ಮೊದಲು ಒಬ್ಬ ಮಧ್ಯವರ್ತಿ ಏಜೆನ್ಸಿ ಮೂಲಕ ಕೇಳಿಸಿದ್ದೆ. ಎಲ್ಲ ಮಾಧ್ಯಮ, ಇಡೀ ಜಗತ್ತು, ಶಾಶ್ವತ ಎಂದು ಅವರು ಕೇಳಿದ್ದರಿಂದ ಬಂದ ಕೊಟೇಶನ್ ಒಂದೊಂದು ಕಡೆಗೆ ಆರು ಸಾವಿರ ಡಾಲರ್ ಆಸುಪಾಸು. ಎರಡೂ ಸೇರಿದರೆ ಹತ್ತು ಲಕ್ಷ. ನಮ್ಮ ಇಡೀ ಚಿತ್ರದ ಬಜೆಟ್ ಹನ್ನೊಂದು. ಏಜೆನ್ಸಿಗೆ ಕೊಟ್ಟ ಹದಿನೈದು ಸಾವಿರ ಮುಂಗಡವೂ ಹೋಯಿತು. (ಮೇಲೆ ಹೇಳಿದ ಒಟ್ಟು ಖರ್ಚಿನಲ್ಲಿ ಇದನ್ನು ಸೇರಿಸಿಲ್ಲ.) ನಿರ್ಮಾಪಕರು ಬೇಡ ಬಿಡಿ ಅಂದರು. ಆಮೇಲೆ ನಾನೇ ಕೂತೆ.

ನನ್ನ ದಾರಿ ಇಷ್ಟು. ಮೊದಲು ಪಬ್ಲಿಷರ್, ಆಮೇಲೆ ಮಾಸ್ಟರ್. ಎರಡು ಕಡೆಯವರೂ ಎಂಎಫ್‌ಎನ್ (ಮೋಸ್ಟ್ ಫೇವರ್ಡ್ ನೇಶನ್) ಷರತ್ತು ಕೇಳುತ್ತಾರೆ, ಅಂದರೆ ಒಬ್ಬರಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬರಿಗೂ ಅಷ್ಟೇ ಕೊಡಬೇಕು. ಹಾಗಿರುವಾಗ ಕಡಿಮೆಗೆ ಒಪ್ಪುವವರ ಅಂಕಿ ಮೊದಲು ಕಾಗದದ ಮೇಲೆ ಬರಬೇಕು. ಶೊಸ್ತಕೋವಿಚ್‌ಗೆ ಪ್ರದೇಶಕ್ಕೊಬ್ಬ ಪಬ್ಲಿಷರ್: ಅಮೆರಿಕದಲ್ಲಿ ಶಿರ್ಮರ್, ಬ್ರಿಟನ್‌ನಲ್ಲಿ ಬೂಸಿ ಅಂಡ್ ಹಾಕ್ಸ್, ಜರ್ಮನಿಯಲ್ಲಿ ಸಿಕೋರ್ಸ್ಕಿ. ಯಾವ ದೇಶದ ಫೆಸ್ಟಿವಲ್‌ಗಳು ಎಂದು ಮೊದಲೇ ಪಟ್ಟಿ ಮಾಡಿದ್ದರೆ ಪತ್ರ ಸರಿಯಾದ ಮೇಜಿಗೆ ಹೋಗುತ್ತದೆ. ಕೇಳಿದ್ದು ತೀರಾ ಕಿರಿದು: ಫೆಸ್ಟಿವಲ್ ಮತ್ತು ಶಾಲಾ ಕಾಲೇಜು ಪ್ರದರ್ಶನ, ಎರಡು ವರ್ಷ, ಒಂದೇ ಬಳಕೆ, ಎಪ್ಪತ್ತು ಸೆಕೆಂಡು, ಇಂಥ ಟೈಮ್‌ಕೋಡಿನಿಂದ ಇಂಥದಕ್ಕೆ. ಒಟಿಟಿ ಮತ್ತು ಟಿವಿಗೆ ಮುಂದೆ ಬೇಕಾದರೆ ಎಷ್ಟು ಎಂದು ಸ್ಟೆಪ್ ದರ ಅದೇ ಕಾಗದದಲ್ಲಿ ಬರೆಸಿಕೊಂಡೆ. ಚಿತ್ರ ಗೆದ್ದ ಮೇಲೆ ಹೋಗಿ ಕೇಳಿದರೆ ದರ ಅವರು ಹೇಳಿದ್ದೇ ಆಗುತ್ತದೆ. ಪತ್ರದ ಮೊದಲ ಮೂರು ಸಾಲು ಹೇಗಿತ್ತು, ಯಾವ ವಿಭಾಗದವರಿಗೆ ಬರೆದೆ ಎಂಬುದನ್ನು ಇಲ್ಲಿ ಬಿಡುವುದಿಲ್ಲ. ಅದು ನನ್ನ ಕಸುಬಿನ ಬಂಡವಾಳ.

ಉತ್ತರ ಬರಲು ವಾರಗಟ್ಟಲೆ ಹಿಡಿಯಿತು, ಮಳೆಗಾಲ ಇಡೀ ಅದರಲ್ಲೇ ಹೋಯಿತು. ಕೊನೆಗೆ ಒಂದೊಂದು ಕಡೆಗೆ ನಾಲ್ಕುನೂರು ಡಾಲರ್‌ಗೆ ಕುದುರಿತು. ಆರು ಸಾವಿರ ನಾಲ್ಕುನೂರಕ್ಕೆ ಇಳಿದದ್ದನ್ನು ತೋರಿಸಿದಾಗ ನಿರ್ಮಾಪಕರು ಕಾಗದವನ್ನು ಎರಡೆರಡು ಸಲ ಓದಿದರು. ಕರಾರಿನಲ್ಲಿ ನಾನು ಹಠ ಹಿಡಿದ ಸಾಲು ಇನ್ನೊಂದಿದೆ. ಹಳೆಯ ಅಮೆರಿಕನ್ ಮುದ್ರಣ ಚಿತ್ರಕ್ಕೆ ಬಂದರೆ ವಾದಕರ ಸಂಘಕ್ಕೆ ರೀ-ಯೂಸ್ (ಮರುಬಳಕೆಯ) ಹಣ ಕೊಡಬೇಕಾದೀತು. ಅದು ಯಾರ ತಲೆಗೆ ಎಂಬುದು ಸ್ಪಷ್ಟವಾಗಿ ಬರೆದಿರಬೇಕು. ಬರೆಯದಿದ್ದರೆ ಫೀಸಿಗಿಂತ ದೊಡ್ಡ ಬಿಲ್ಲು ಆಮೇಲೆ ಬರಬಹುದು.

ಎಂಟುನೂರು ಡಾಲರ್ ಅಂದರೆ ಆಗ ಅರವತ್ತೇಳು ಸಾವಿರದಷ್ಟು. ಕರಾರು ‘ತೆರಿಗೆ ಕಳೆದು ಕೈಗೆ’ ಎಂದಿತ್ತು, ಹಾಗಾಗಿ ಟಿಡಿಎಸ್ ನಮ್ಮ ಮೇಲೆಯೇ ಬಿತ್ತು. ಅಮೆರಿಕ, ಬ್ರಿಟನ್ ಜೊತೆಗಿನ ಎರಡೂ ತೆರಿಗೆ ಒಪ್ಪಂದಗಳಲ್ಲಿ ರಾಯಲ್ಟಿಗೆ 15%. ಅವರ ಟಿಆರ್‌ಸಿ (ತೆರಿಗೆ ನಿವಾಸ ಪ್ರಮಾಣಪತ್ರ) ಮತ್ತು ಆಗ ಚಾಲ್ತಿಯಲ್ಲಿದ್ದ ಫಾರ್ಮ್ 10ಎಫ್ ಮೊದಲೇ ತರಿಸಿಕೊಳ್ಳದಿದ್ದರೆ ದರ 20ರ ಮೇಲೆ ಏರುತ್ತಿತ್ತು. ಗ್ರಾಸ್-ಅಪ್ (ಅವರ ತೆರಿಗೆಯನ್ನು ನಾವೇ ಹೊರುವ ಲೆಕ್ಕ) ಸೇರಿ ಹನ್ನೆರಡು ಸಾವಿರ, ವಿದೇಶಕ್ಕೆ ಹಣ ಕಳಿಸುವ 15ಸಿಬಿ ಪ್ರಮಾಣಪತ್ರಕ್ಕೆ ಸಿಎ ಫೀಸು ಐದು, ಬ್ಯಾಂಕಿನದ್ದು ಎರಡು ಮೂರು, ಕರಾರು ಓದಿದ ವಕೀಲರಿಗೆ ಎಂಟು. ಆರ್‌ಸಿಎಂ (ಕೊಳ್ಳುವವರೇ ತೆರಿಗೆ ಕಟ್ಟುವ ರಿವರ್ಸ್ ಚಾರ್ಜ್) ಪ್ರಕಾರ ಕಟ್ಟಿದ 18% ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬಂತು, ಅದು ಲೆಕ್ಕಕ್ಕಿಲ್ಲ.

ಧ್ವನಿಯ ವಿಷಯದಲ್ಲೂ ಒಂದು ಪ್ರಯೋಗ ಮಾಡಿದೆ. ಲೇಬಲ್ ಕೊಟ್ಟ ಫೈಲು ಶುದ್ಧ ಮಾಡಿದ ರೀಮಾಸ್ಟರ್. ಎನ್‌ಬಿಸಿಯ 8-ಎಚ್ ಸ್ಟುಡಿಯೋದ ಧ್ವನಿ ಮೊದಲೇ ಒಣ, ಶುದ್ಧವಾದ ಮೇಲೆ ಇನ್ನೂ ಒಣಗಿತ್ತು. ನಿರ್ದೇಶಕರಿಗೆ ಕಾಲದ ಧೂಳು ಬೇಕಿತ್ತು. ಕೃತಕ ಚಿಟಪಟ ಸೇರಿಸುವುದು ನನಗೆ ಹಿಡಿಸದು. ಹಳೆಯ ಮರ್ಫಿ ವಾಲ್ವ್ ರೇಡಿಯೋ ಒಂದನ್ನು ರಿಪೇರಿ ಮಾಡಿಸಿ, ಅದರ ಸ್ಪೀಕರಿನಲ್ಲಿ ನುಡಿಸಿ, ತೊಟ್ಟಿಮನೆಯ ಪಡಸಾಲೆಯಲ್ಲಿ ಎರಡು ಮೈಕ್ ಇಟ್ಟು ಮರಳಿ ಹಿಡಿದೆ. ಅದ್ಭುತವಾಗಿ ಬಂತು. ಕರಾರಿನ ಪ್ರಕಾರ ಇದು ‘ಮಾರ್ಪಾಡು’ ಆದ್ದರಿಂದ ಸ್ಯಾಂಪಲ್ ಕಳಿಸಿ ಒಂದು ಸಾಲಿನ ಒಪ್ಪಿಗೆ ಪಡೆದ ಮೇಲೆಯೇ ಫೈನಲ್ ಮಿಕ್ಸ್‌ಗೆ ಹಾಕಿದ್ದು. ಮೈಕು ಎಷ್ಟು ದೂರ, ರೇಡಿಯೋ ಯಾವ ಗೋಡೆಗೆ ಮುಖ ಮಾಡಿತ್ತು ಎಂಬುದೂ ನನ್ನಲ್ಲೇ ಇರಲಿ.

ಟ್ರೇಲರ್‌ಗೆ ಬೇರೆ ಹಕ್ಕು ಬೇಕು. ಚಿತ್ರದಲ್ಲಿದ್ದ ಹಾಗೆಯೇ, ಅದೇ ದೃಶ್ಯದ ಮೇಲೆ ಬರುವ ಬಳಕೆಗೆ ಹೆಚ್ಚು ಹಣವಿಲ್ಲದೆ ಒಪ್ಪಿಸಿದೆ. ಆದರೂ ಯೂಟ್ಯೂಬಿನಲ್ಲಿ ಹಾಕಿದ ಕೆಲವೇ ನಿಮಿಷಕ್ಕೆ ಕಂಟೆಂಟ್ ಐಡಿ (ಯೂಟ್ಯೂಬಿನ ಸ್ವಯಂಚಾಲಿತ ಹಕ್ಕು ತಪಾಸಣೆ) ಕ್ಲೇಮು ಬಂತು. ಲೈಸೆನ್ಸ್ ಪ್ರತಿ ಲಗತ್ತಿಸಿ ಡಿಸ್ಪ್ಯೂಟ್ ಮಾಡಿದೆ, ಚಾನೆಲನ್ನು ವೈಟ್‌ಲಿಸ್ಟ್ ಮಾಡಿ (ಕ್ಲೇಮಿನಿಂದ ಹೊರಗಿಡಿ) ಎಂದು ಬರೆದೆ, ಎರಡು ವಾರದೊಳಗೆ ಕ್ಲೇಮು ಹೋಯಿತು. ವೈಟ್‌ಲಿಸ್ಟ್ ಮಾತನ್ನು ಸಹಿಗೆ ಮುಂಚೆಯೇ ಕರಾರಿನಲ್ಲಿ ಸೇರಿಸಿ.

ಈಗ ಒಂದು ಒಟಿಟಿಯವರು ಕೇಳುತ್ತಿದ್ದಾರೆ. ಭಾರತಕ್ಕೆ ಮಾತ್ರವಾದರೆ ಸ್ಟೆಪ್ ದರ ಒಂದೊಂದು ಕಡೆಗೆ ಒಂಬೈನೂರು ಡಾಲರ್, ಅದೂ ಕಾಗದದಲ್ಲಿದೆ, ಚೌಕಾಸಿ ಬೇಕಿಲ್ಲ. ಅವರ ಸಹಿ 2028ರ ಜನವರಿ ದಾಟಿದರೆ ಭಾರತಕ್ಕೆ ಮಾಸ್ಟರ್ ಕಡೆಯ ಹಣವೇ ಕಟ್ಟಬೇಕಾಗದು ಎಂಬುದು ನನ್ನ ಎಣಿಕೆ, ಅದನ್ನು ವಕೀಲರ ಮುಂದೆ ಇಟ್ಟಿದ್ದೇನೆ.