ಎಟಿಎಲ್‌ಎಸ್ ತಯಾರಿ: ನಮ್ಮ ಕ್ಯಾಶುವಾಲಿಟಿಯಲ್ಲೇ ಬಾಯಿಬಿಟ್ಟು ಕಲಿತದ್ದು

ಎಟಿಎಲ್‌ಎಸ್ (ಅಡ್ವಾನ್ಸ್ಡ್ ಟ್ರಾಮಾ ಲೈಫ್ ಸಪೋರ್ಟ್) ಅಂದರೆ ಪೆಟ್ಟಾಗಿ ಬಂದವರನ್ನು ಮೊದಲ ಹೊತ್ತಿನಲ್ಲಿ ನೋಡಿಕೊಳ್ಳುವುದನ್ನು ಡಾಕ್ಟರ್‌ಗಳಿಗೆ ಕಲಿಸುವ ಕೋರ್ಸ್. ಅದಕ್ಕೆ ಹೆಸರು ಕೊಟ್ಟವರು ನನ್ನನ್ನು ಮೊದಲು ಕೇಳೋದು, "ಪುಸ್ತಕ ಎಷ್ಟು ಓದಬೇಕು ಸರ್?" ಅಂತ. ಪೂರ್ತಿ ಓದಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಕೈ ಹಿಡಿದದ್ದು ಓದಿದ್ದನ್ನು ಗಟ್ಟಿಯಾಗಿ ಹೇಳುವ ರೂಢಿ. ಅದನ್ನು ಹೇಗೆ ಮಾಡಿಕೊಂಡೆ ಅನ್ನುವುದನ್ನೇ ಇಲ್ಲಿ ಬರೆಯುತ್ತೇನೆ.

ನಾನು ಹಾವೇರಿ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್. ಪುಣೆ-ಬೆಂಗಳೂರು ಹೆದ್ದಾರಿ ನಮಗೆ ಹತ್ತಿರ. ರಾತ್ರಿ ಕ್ಯಾಶುವಾಲಿಟಿಯಲ್ಲಿ ಒಬ್ಬ ಡಾಕ್ಟರ್, ಸಿಸ್ಟರ್‌ಗಳು, ಒಬ್ಬ ವಾರ್ಡ್ ಬಾಯ್. ಫೋನ್ ಮಾಡಿದರೆ ಸರ್ಜನ್ ಬರುತ್ತಾರೆ, ಅಲ್ಲಿವರೆಗೆ ಇರೋದು ನಾವೇ. ಈ ಕೋರ್ಸ್ ಹುಟ್ಟಿದ್ದೂ ಇಂಥ ಜಾಗಗಳಿಗಾಗಿಯೇ. 1976ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಜೇಮ್ಸ್ ಸ್ಟೈನರ್ ಎಂಬ ಮೂಳೆ ಸರ್ಜನ್ ಓಡಿಸುತ್ತಿದ್ದ ಸಣ್ಣ ವಿಮಾನ ಹೊಲದಲ್ಲಿ ಬಿತ್ತು. ಹೆಂಡತಿ ತೀರಿಕೊಂಡರು, ಮಕ್ಕಳಿಗೆ ಪೆಟ್ಟಾಯಿತು. ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಸಿಕ್ಕ ಆರೈಕೆ ನೋಡಿ, ಇದು ಹೀಗಿರಬಾರದು ಎಂದು ಅವರು ಪಟ್ಟು ಹಿಡಿದರು. 1978ರಲ್ಲಿ ಮೊದಲ ಕೋರ್ಸ್ ನಡೆಯಿತು. 1980ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಅದನ್ನು ಕೈಗೆತ್ತಿಕೊಂಡಿತು. ಇದು ದೊಡ್ಡ ಊರಿನ ಟ್ರಾಮಾ ಸೆಂಟರ್‌ನವರಿಗೆ ಮಾತ್ರ ಅಂತ ನಮ್ಮ ಕಡೆ ಅನೇಕರು ಅಂದುಕೊಂಡು ಸುಮ್ನೆ ಬಿಟ್ಟುಬಿಡುತ್ತಾರೆ. ಹಾಗಾಗಬಾರದು.

ಪೆಟ್ಟಾದವರನ್ನು ನೋಡುವ ಎ, ಬಿ, ಸಿ, ಡಿ, ಇ ಕ್ರಮ ಯಾವ ಡಾಕ್ಟರ್‌ಗೂ ಹೊಸದಲ್ಲ. ಉಸಿರಿನ ದಾರಿ, ಅದರ ಜೊತೆಗೇ ಕುತ್ತಿಗೆ ಅಲುಗದಂತೆ ಹಿಡಿಯುವುದು. ಆಮೇಲೆ ಉಸಿರಾಟ. ಆಮೇಲೆ ರಕ್ತ ನಿಲ್ಲಿಸುವುದು. ಆಮೇಲೆ ಮೆದುಳು. ಕೊನೆಗೆ ಬಟ್ಟೆ ತೆಗೆದು ಮೈಯೆಲ್ಲ ನೋಡಿ, ತಣ್ಣಗಾಗದಂತೆ ಹೊದಿಸುವುದು. ಇದು ಎಲ್ಲರಿಗೂ ಗೊತ್ತು. ಆದರೆ ಎದುರಿಗೆ ಕಾಲಿನ ಮೂಳೆ ಹೊರಗೆ ಬಂದಿರುತ್ತದೆ, ಹೊರಗೆ ಮನೆಯವರು ಅಳುತ್ತಿರುತ್ತಾರೆ. ಆಗ ಕಣ್ಣು ಕಾಲಿನ ಕಡೆಗೇ ಹೋಗುತ್ತದೆ, ಅಲ್ವಾ? ಅಲ್ಲಿ ಕಾಯುವುದು ನಾಲಿಗೆಗೆ ಬಂದುಬಿಟ್ಟ ಕ್ರಮ ಮಾತ್ರ.

ಅದಕ್ಕೆ ನಾನು ಕಾರ್ಡ್ ಮಾಡಿದೆ. ಪುಸ್ತಕದ ಕೇಸ್ ಬೇಡ, ನಮ್ಮೂರಿನ ಕೇಸೇ ಇರಲಿ ಅಂತ. ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿಗೆ ಹೊರಟ ಟ್ರ್ಯಾಕ್ಟರ್ ಪಲ್ಟಿ, ಟ್ರೈಲರ್ ಕೆಳಗೆ ಸಿಕ್ಕ ಹುಡುಗ. ಹೋರಿ ಬೆದರಿಸುವಾಗ ಪಕ್ಕೆಗೆ ಕೊಂಬು ತಿವಿಸಿಕೊಂಡವನು. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದವನು. ಕಾರ್ಡಿನ ಮುಂಬದಿಯಲ್ಲಿ ಏನಾಯಿತು ಅನ್ನುವುದಷ್ಟೇ, ಹಿಂಬದಿಯಲ್ಲಿ ನಾಡಿ, ಬಿಪಿ, ಉಸಿರಿನ ಲೆಕ್ಕ. ರಾತ್ರಿ ಪೇಷಂಟ್ ಇಲ್ಲದ ಹೊತ್ತಿನಲ್ಲಿ ವಾರ್ಡ್ ಬಾಯ್ ಸ್ಟ್ರೆಚರ್ ಮೇಲೆ ಮಲಗುತ್ತಿದ್ದ. ಕಾರ್ಡ್ ಸಿಸ್ಟರ್ ಕೈಯಲ್ಲಿ. ಅವರು ಒಂದೇ ನಿಯಮ ಇಟ್ಟುಕೊಂಡಿದ್ದರು: "ಕೇಳಿದ್ರ ಹೇಳ್ತೀನ್ರಿ ಸರ್. ಕೇಳಲಿಲ್ಲಂದ್ರ ಇಲ್ಲ." ಕೋರ್ಸಿನ ಪ್ರಾಕ್ಟಿಕಲ್ ಪರೀಕ್ಷೆಯೂ ಥೇಟ್ ಹೀಗೇ ನಡೆಯುತ್ತದೆ. ಪೇಷಂಟ್ ಆಗಿ ಒಬ್ಬರು ಮಲಗಿರುತ್ತಾರೆ, ಪರೀಕ್ಷಕರು ಪಕ್ಕದಲ್ಲಿ ನಿಂತಿರುತ್ತಾರೆ. ನೀವು ಎದೆ ಕೇಳಿಸಿಕೊಂಡರೆ ಮಾತ್ರ ಬಲಗಡೆ ಉಸಿರು ಕೇಳಿಸುತ್ತಿಲ್ಲ ಎಂದು ಹೇಳುತ್ತಾರೆ. ಏನು ಮಾಡುತ್ತಿದ್ದೀರಿ, ಏನು ಕಂಡಿರಿ, ಏನು ಕೊಟ್ಟಿರಿ, ಕೊಟ್ಟ ಮೇಲೆ ಮತ್ತೆ ನೋಡಿದಿರಾ, ಎಲ್ಲ ಬಾಯಲ್ಲಿ ಬರಬೇಕು. ಮನಸ್ಸಿನಲ್ಲಿ ಅಂದುಕೊಂಡದ್ದಕ್ಕೆ ಅಂಕ ಇಲ್ಲ.

ನಾನು ಶುರು ಮಾಡುತ್ತಿದ್ದದ್ದು ನಮ್ಮ ಮಾತಿನಲ್ಲೇ: "ಅಣ್ಣಾರ, ನಿಮ್ಮ ಹೆಸರೇನ್ರಿ? ಏನಾತ್ರಿ?" ಆತ ಸರಿಯಾಗಿ ಉತ್ತರ ಕೊಟ್ಟನೆಂದರೆ ಸದ್ಯಕ್ಕೆ ಉಸಿರಿನ ದಾರಿ ತೆರೆದಿದೆ, ಮಾತಾಡುವಷ್ಟು ಗಾಳಿ ಇದೆ, ಮೆದುಳಿಗೆ ರಕ್ತ ಹೋಗುತ್ತಿದೆ. ಒಂದೇ ಪ್ರಶ್ನೆಯಲ್ಲಿ ಇಷ್ಟು ಗೊತ್ತಾಗುತ್ತದೆ.

ಹೋರಿ ಕಾರ್ಡನ್ನು ನಾವು ಎಲ್ಲಕ್ಕಿಂತ ಜಾಸ್ತಿ ಆಡಿದೆವು. ದೀಪಾವಳಿಯಿಂದ ಶುರುವಾಗುವ ಹೋರಿ ಹಬ್ಬದ ದಿನಗಳಲ್ಲಿ ಇಂಥವರು ನಮ್ಮಲ್ಲಿಗೆ ಬರುತ್ತಾರೆ. ಹೊರಗೆ ಗಾಯ ಸಣ್ಣದಿರುತ್ತದೆ, ಕೊಂಬು ಒಳಗೆ ಎಷ್ಟು ದೂರ ಹೋಗಿದೆ ಎಂದು ಹೊರಗಿನಿಂದ ಹೇಳಲಾಗದು. ಗಟ್ಟಿ ಮೈಯ ಹುಡುಗ, ಬಿಪಿ 110/90, ನಾಡಿ 118. ಬಿಪಿ ಚೆನ್ನಾಗಿದೆ ಎಂದು ಯಾರಾದರೂ ಹೇಳಿಯಾರು. ಈ ಕಾರ್ಡಿನ ಪಾಠ ಇರುವುದು ಅಲ್ಲೇ. 70 ಕೆಜಿ ಆಳಿನ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಅದರಲ್ಲಿ ಶೇ 15ರಿಂದ 30, ಅಂದರೆ ಮುಕ್ಕಾಲರಿಂದ ಒಂದೂವರೆ ಲೀಟರ್ ಹೋದರೂ ಮೇಲಿನ ಬಿಪಿ ಇಳಿಯದೇ ಇರಬಹುದು. ನಾಡಿ ಏರುತ್ತದೆ, ಕೆಳಗಿನ ಬಿಪಿ ಏರಿ ಎರಡರ ನಡುವಿನ ಅಂತರ ಕಿರಿದಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ, ಹುಡುಗ ಚಡಪಡಿಸುತ್ತಾನೆ. ಬಿಪಿ ಬೀಳುವ ಹೊತ್ತಿಗೆ ತುಂಬ ರಕ್ತ ಹೋಗಿರುತ್ತದೆ. ರಕ್ತಸ್ರಾವದ ನಾಲ್ಕು ದರ್ಜೆಗಳ ಪಟ್ಟಿಯನ್ನು ಉರು ಹೊಡೆಯುವ ಬದಲು ಈ ಒಬ್ಬ ಹುಡುಗನನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ, ಪಟ್ಟಿ ತಾನಾಗಿ ನೆನಪಿರುತ್ತದೆ.

ಕೈಗೂ ತಯಾರಿ ಬೇಕು. ಗಂಟಲ ಮುಂದೆ ಕೊಯ್ದು ಟ್ಯೂಬ್ ಹಾಕುವ ಕೆಲಸ ಅಪರೂಪಕ್ಕೆ ಬರುತ್ತದೆ, ಬಂದಾಗ ಯೋಚಿಸಲು ಸಮಯ ಕೊಡುವುದಿಲ್ಲ. ನಾನು ಮಟನ್ ಅಂಗಡಿಯಲ್ಲಿ ಮೊದಲೇ ಹೇಳಿ, ಗಂಟಲಮಣಿ ಕಡಿಯದೆ ಕುರಿಯ ಇಡೀ ಶ್ವಾಸನಾಳ ತರಿಸಿದೆ. ಮೇಲೆ ಗ್ಲೌಸ್ ಕತ್ತರಿಸಿ ಸುತ್ತಿದೆ, ಚರ್ಮದ ಬದಲಿಗೆ. ಕಣ್ಣು ಮುಚ್ಚಿ ಬೆರಳು ಕೆಳಗೆ ಜಾರಿಸಬೇಕು. ಗಂಟಲಮಣಿ, ಅದರ ಕೆಳಗೆ ಒಂದು ತಗ್ಗು, ಅದರ ಕೆಳಗೆ ಗಟ್ಟಿ ಉಂಗುರ. ಆ ತಗ್ಗಿನಲ್ಲಿ ಅಡ್ಡ ಕೊಯ್ದು, ಬ್ಲೇಡಿನ ಹಿಡಿಕೆ ಒಳಗಿಟ್ಟು ತಿರುಗಿಸಿ ದಾರಿ ಅಗಲ ಮಾಡಿ, ಸಣ್ಣ ಟ್ಯೂಬ್ ಹಾಕುವುದು. ಬೆರಳಿಗೆ ಆ ತಗ್ಗು ತಾನಾಗಿ ಸಿಗುವವರೆಗೂ ಮಾಡಿದೆ. 12 ವರ್ಷದೊಳಗಿನ ಮಕ್ಕಳಿಗೆ ಇದು ಸಲ್ಲದು, ಅವರಿಗೆ ಸೂಜಿಯ ದಾರಿ. ಇದನ್ನೂ ಬಾಯಲ್ಲಿ ಹೇಳಿಕೊಂಡೇ ಮಾಡುತ್ತಿದ್ದೆ.

ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಬೇರೆಯಾದ ಸಂಗತಿಗಳನ್ನು ಬೇರೆ ಹಾಳೆಯಲ್ಲಿ ಬರೆದು ಕ್ಯಾಶುವಾಲಿಟಿ ಗೋಡೆಗೆ ಅಂಟಿಸಿದ್ದೆ. ನಾನು ಮಾಡಿದ್ದು ಕೋರ್ಸಿನ 10ನೇ ಆವೃತ್ತಿ. ಅದರಲ್ಲಿ ಟೆನ್ಶನ್ ನ್ಯೂಮೋಥೊರಾಕ್ಸ್‌ಗೆ (ಎದೆಯೊಳಗೆ ಗಾಳಿ ಸಿಕ್ಕಿಕೊಂಡು ಶ್ವಾಸಕೋಶ, ಹೃದಯವನ್ನು ಒತ್ತುವುದು) ದೊಡ್ಡವರಲ್ಲಿ ಸೂಜಿ ಹಾಕುವ ಜಾಗ ಎದೆಯ ಮುಂಭಾಗದಿಂದ ಕಂಕುಳ ಕೆಳಗಿನ 4ನೇ ಅಥವಾ 5ನೇ ಪಕ್ಕೆಲುಬಿನ ಸಂದಿಗೆ ಬಂತು. ಮೊದಲು ಕೊಡುವ ಸಲೈನ್ 1 ಲೀಟರ್‌ಗೆ ಇಳಿಯಿತು, ಅದಕ್ಕೆ ಸುಧಾರಿಸದಿದ್ದರೆ ರಕ್ತ. ರಕ್ತ ಸೋರುವುದನ್ನು ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಪೆಟ್ಟಾದ 3 ಗಂಟೆಯೊಳಗೆ. 2025ರ 11ನೇ ಆವೃತ್ತಿ ಎ ಮುಂದೆ ಎಕ್ಸ್ ಸೇರಿಸಿದೆ, ಜೀವ ತೆಗೆಯುವಂತೆ ಹೊರಗೆ ಸುರಿಯುವ ರಕ್ತವನ್ನು ಎಲ್ಲಕ್ಕಿಂತ ಮೊದಲು ನಿಲ್ಲಿಸಲು. ಈಗ ಹೋಗುವವರು ಯಾವ ಆವೃತ್ತಿ ಎಂದು ಕೇಳಿಕೊಂಡು ಓದಿ.

ಬರೆಯುವ ಪರೀಕ್ಷೆಗೆ ಹೆದರಬೇಕಿಲ್ಲ. ನನ್ನ ಕೋರ್ಸಿನಲ್ಲಿ 40 ಪ್ರಶ್ನೆ, ಪಾಸಾಗಲು ಶೇ 75. ಕೋರ್ಸಿಗೆ ಮೊದಲು ಬಿಡಿಸುವ ಪ್ರಿ-ಟೆಸ್ಟ್ ಪ್ರಶ್ನೆಗಳನ್ನು ಪುಸ್ತಕ ಓದಿದ ಮೇಲೆ ಪ್ರಾಮಾಣಿಕವಾಗಿ ಬಿಡಿಸಿ, ತಪ್ಪಿದ ಅಧ್ಯಾಯಕ್ಕೆ ಮತ್ತೆ ಹೋಗಿ, ಅಷ್ಟೇ. ಕೋರ್ಸ್ ಬೆಂಗಳೂರಿನಲ್ಲಿತ್ತು. ಹಿಂದಿನ ರಾತ್ರಿ ಡ್ಯೂಟಿ ಮಾಡಿ ಬಸ್ ಹತ್ತಬೇಡಿ, ಒಂದು ದಿನ ಮೊದಲೇ ಹೋಗಿ ನಿದ್ದೆ ಮಾಡಿ.

ಜಿಲ್ಲೆಯಿಂದ ಹೋಗುವವರು ಗಮನ ಇಡಬೇಕಾದ ಇನ್ನೊಂದು ಅಧ್ಯಾಯ ರೋಗಿಯನ್ನು ಮುಂದಿನ ಆಸ್ಪತ್ರೆಗೆ ಕಳಿಸುವುದು. ನಮಗೆ ಹುಬ್ಬಳ್ಳಿ ಕಿಮ್ಸ್ 70 ಕಿಲೋಮೀಟರ್‌ಗೂ ಜಾಸ್ತಿ. ಕಳಿಸಬೇಕು ಎಂದು ಗೊತ್ತಾದ ಮೇಲೆ ಸಿಟಿ ಸ್ಕ್ಯಾನ್‌ಗಾಗಿ ಹೊತ್ತು ಕಳೆಯಬಾರದು. ಎದೆಗೆ ಟ್ಯೂಬ್, ಸೊಂಟದ ಮೂಳೆ ಅಲುಗದಂತೆ ಬಿಗಿಯುವ ಪಟ್ಟಿ (ಬೈಂಡರ್), ಉಸಿರಿನ ದಾರಿ, ಇವು ಹೊರಡುವ ಮುಂಚೆ. ಅಲ್ಲಿನ ಡಾಕ್ಟರ್ ಜೊತೆ ಫೋನಿನಲ್ಲಿ ನೇರ ಮಾತು, ಆಂಬುಲೆನ್ಸ್‌ನಲ್ಲಿ ಯಾರು ಜೊತೆಗೆ ಹೋಗುತ್ತಾರೆ ಅನ್ನುವುದೂ ಮೊದಲೇ ಗೊತ್ತಾಗಬೇಕು. ಈ ಫೋನ್ ಮಾತನ್ನೂ ನಾವು ಕಾರ್ಡ್ ಹಿಡಿದು ಅಭ್ಯಾಸ ಮಾಡಿದೆವು.

ಕೊನೆಯದಾಗಿ ಆಸ್ಪತ್ರೆ ನಡೆಸುವವರಿಗೆ ಒಂದು ಮಾತು. ನರ್ಸ್‌ಗಳಿಗೂ ಎಟಿಸಿಎನ್ ಎಂಬ ಕೋರ್ಸ್ ಇದೆ, ಅದೇ ಕ್ರಮ, ಅದೇ ಭಾಷೆ. ಡಾಕ್ಟರನ್ನು ಕಳಿಸುವಾಗ ಒಬ್ಬ ಸಿಸ್ಟರನ್ನೂ ಅದಕ್ಕೆ ಕಳಿಸಿ. ನಮ್ಮಲ್ಲಿ ಆ ಅರ್ಜಿ ಈಗ ಹೋಗಿದೆ.