ನಾಯಿ ಕಚ್ಚಿದರೆ ಸೂಜಿಗೂ ಮೊದಲು ಸೋಪು

ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ಎಷ್ಟೋ ಗಾಯಗಳ ಮೇಲೆ ಅರಿಶಿನ, ಸುಣ್ಣ, ಕಾಫಿಪುಡಿ, ಖಾರದ ಪುಡಿ ಮೆತ್ತಿರುತ್ತದೆ. ಮೊದಲು ಅದನ್ನೆಲ್ಲ ತೊಳೆದು ತೆಗೆಯಿರಿ.

ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ. ಗಡಿಯಾರ ನೋಡಿಯೇ ತೊಳೆಯಿರಿ. ಅಂದಾಜಿಗೆ ಬಿಟ್ಟರೆ ಎರಡೇ ನಿಮಿಷಕ್ಕೆ ಕೈ ನಿಂತುಬಿಡುತ್ತದೆ. ರೇಬಿಸ್ ವೈರಾಣುವಿನ ಹೊರಪೊರೆಯಲ್ಲಿ ಕೊಬ್ಬಿದೆ, ಸೋಪು ಅದನ್ನು ಒಡೆಯುತ್ತದೆ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಸುರಿಯಿರಿ, ಬಟ್ಟೆ ಸೋಪಾದರೂ ನಡೆಯುತ್ತದೆ. ಹಲ್ಲು ಇಳಿದ ಸಣ್ಣ ತೂತಿಗೆ ಸೂಜಿ ತೆಗೆದ ಸಿರಿಂಜಿನಿಂದ ನೀರು ಹಾಯಿಸಿ. ‘ಮನೆಯಲ್ಲೇ ತೊಳೆದಿದ್ದೀವಿ’ ಎಂದರೂ, ಕಚ್ಚಿ ಒಂದು ದಿನ ಕಳೆದಿದ್ದರೂ ಮತ್ತೆ ತೊಳೆಯಿರಿ. ಆಮೇಲೆ ಸೋಂಕುನಾಶಕ ಪೊವಿಡೋನ್ ಅಯೋಡಿನ್ ಹಚ್ಚಿ. ಹೊಲಿಗೆ, ಬಿಗಿಯಾದ ಪಟ್ಟಿ ಬೇಡ.

ರಕ್ತ ಬಾರದ ತರಚಾದರೆ ಲಸಿಕೆ ಸಾಕು. ರಕ್ತ ಬಂದಿದ್ದರೆ, ಬಾಯಿಗೋ ಕಣ್ಣಿಗೋ ಜೊಲ್ಲು ತಾಗಿದ್ದರೆ ಅದು ಅತಿ ಗಂಭೀರವಾದ ಮೂರನೇ ವರ್ಗ: ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ವೈರಾಣುವನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಔಷಧ ಕೂಡ ಬೇಕು.

ಹೆಚ್ಚು ಎಡವುವುದು ಇಲ್ಲೇ. ಲಸಿಕೆಯಿಂದ ದೇಹ ತನ್ನ ಪ್ರತಿಕಾಯ ತಯಾರಿಸಲು ವಾರವಾದರೂ ಬೇಕು. ಅಲ್ಲಿಯವರೆಗೆ ರಕ್ಷಣೆ ಕೊಡುವುದು ಇಮ್ಯುನೊಗ್ಲಾಬ್ಯುಲಿನ್. ಕುದುರೆಯ ರಕ್ತದಿಂದ ತಯಾರಿಸಿದ್ದಾದರೆ ದೇಹತೂಕದ ಪ್ರತಿ ಕಿಲೋಗೆ 40 ಯೂನಿಟ್, ಮನುಷ್ಯರ ರಕ್ತದಿಂದಾದರೆ 20. 50 ಕಿಲೋ ತೂಕದವರಿಗೆ ಕುದುರೆಯದು 2000 ಯೂನಿಟ್, ಒಂದು ಮಿ.ಲೀ.ಗೆ 300 ಯೂನಿಟ್ ಇರುವ ಸೀಸೆಯಲ್ಲಿ ಸುಮಾರು 6.7 ಮಿ.ಲೀ. ಇದು ಮೇಲ್ಮಿತಿ, ಮೀರಬಾರದು. ಲೇಬಲ್ ಓದದೆ ಲೆಕ್ಕ ಹಾಕಬೇಡಿ.

ಎಲ್ಲವನ್ನೂ ತೋಳಿಗೋ ಕುಂಡಿಗೋ ಚುಚ್ಚಿ ಕಳಿಸುವುದು ಸುಲಭ, ಆದರೆ ವೈರಾಣು ಇರುವುದು ಗಾಯದಲ್ಲಿ. ಪ್ರತಿ ಗಾಯದ ಆಳಕ್ಕೂ ಅಂಚಿಗೂ ನಿಧಾನವಾಗಿ ತುಂಬಿ. ಗಾಯಗಳು ಹಲವಿದ್ದು ಔಷಧ ಸಾಲದಿದ್ದರೆ ನಾರ್ಮಲ್ ಸಲೈನ್ ಬೆರೆಸಿ ಹಿಗ್ಗಿಸಿ, ಒಂದನ್ನೂ ಬಿಡಬೇಡಿ. ಬೆರಳ ತುದಿಯಲ್ಲಿ ಒತ್ತಡ ಹೆಚ್ಚಿದರೆ ರಕ್ತ ಸಂಚಾರ ನಿಲ್ಲುತ್ತದೆ. ಚರ್ಮ ಬಿಳಿಚಿದ ಕೂಡಲೇ ನಿಲ್ಲಿಸಿ. ತೀವ್ರ ಅಲರ್ಜಿಯಾದರೆ ಕೊಡಲು ಅಡ್ರಿನಾಲಿನ್ ಕೈಗೆಟಕುವಂತಿರಲಿ. ಇಮ್ಯುನೊಗ್ಲಾಬ್ಯುಲಿನ್ ದಾಸ್ತಾನಿಲ್ಲದಿದ್ದರೆ ಲಸಿಕೆ ಶುರುಮಾಡಿ, ಅಂದೇ ತಾಲ್ಲೂಕು ಆಸ್ಪತ್ರೆಗೆ ಕಳಿಸಿ. ಮೊದಲ ಲಸಿಕೆಯಾಗಿ 7 ದಿನ ಕಳೆದ ಮೇಲೆ ಇದನ್ನು ಕೊಡುವುದಿಲ್ಲ.

ಲಸಿಕೆ ಚರ್ಮದ ಪದರದೊಳಗೆ: ಎರಡೂ ತೋಳಿಗೆ ತಲಾ 0.1 ಮಿ.ಲೀ., 0, 3, 7, 28ನೇ ದಿನ (ಮೊದಲ ಡೋಸು ಕೊಟ್ಟ ದಿನವೇ 0). ಇನ್ಸುಲಿನ್ ಸಿರಿಂಜನ್ನೇ ಬಳಸಿ, 2 ಮಿ.ಲೀ. ಸಿರಿಂಜಿನಲ್ಲಿ ಇಷ್ಟನ್ನು ಅಳೆಯುವುದು ಆಗದ ಮಾತು. ಸೂಜಿಯ ತೂತು ಮೇಲ್ಮುಖವಾಗಿರಲಿ. ಕಿತ್ತಳೆ ಸಿಪ್ಪೆಯಂಥ ಬೊಬ್ಬೆ ಏಳಬೇಕು. ಏಳದಿದ್ದರೆ ಲಸಿಕೆ ಕೆಳಪದರಕ್ಕೆ ಇಳಿದಿದೆ, ಪಕ್ಕದಲ್ಲೇ ಇನ್ನೊಮ್ಮೆ ಕೊಡಿ. ದ್ರಾವಕ ಬೆರೆಸಿದ ಲಸಿಕೆಯ ಸೀಸೆಯನ್ನು 2ರಿಂದ 8 ಡಿಗ್ರಿಯಲ್ಲಿಟ್ಟು 6ರಿಂದ 8 ಗಂಟೆಯೊಳಗೆ ಮುಗಿಸಿ, ಉಳಿದದ್ದು ಚೆಲ್ಲಿ. ಗರ್ಭಿಣಿಗೂ ಹಸುಗೂಸಿಗೂ ಇದೇ ಡೋಸು.

ನಾಯಿಯನ್ನು 10 ದಿನ ಗಮನಿಸಿ, ಆದರೆ ಅದಕ್ಕಾಗಿ ಲಸಿಕೆ ತಡಮಾಡಬೇಡಿ. ಕಾರ್ಡಿನಲ್ಲಿ ‘28ನೇ ದಿನ’ ಎಂದು ಬರೆದುಕೊಟ್ಟರೆ ಜನ ಎಣಿಸುತ್ತ ಕೂರುವುದಿಲ್ಲ. ತಾರೀಖು, ವಾರ ಎರಡನ್ನೂ ಬರೆಯಿರಿ, ಆಶಾ ಕಾರ್ಯಕರ್ತೆಗೂ ತಿಳಿಸಿ.