ಸೀಳಿದ ಅಂಚಿಗೆ ನೇರವಾಗಿ ಫೆವಿಕಾಲ್: ಟೇಬಲ್ ಸಾ ಬ್ಲೇಡ್ ಆರಿಸಿಕೊಂಡ ನನ್ನ ಅನುಭವ

ಹಾರ್ಡ್‌ವೇರ್ ಅಂಗಡಿಗೆ ಹೋಗಿ "ನೈಸಾಗಿ ಕೊಯ್ಯೋ ಬ್ಲೇಡ್ ಕೊಡಿ" ಅಂತ ಕೇಳಿ ನೋಡಿ. ಎಂಬತ್ತು ಹಲ್ಲಿನದ್ದನ್ನು ತೆಗೆದು ಕೈಗಿಡುತ್ತಾರೆ. ಅವರ ತಪ್ಪೇನಿಲ್ಲ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಪ್ಲೈವುಡ್, ಲ್ಯಾಮಿನೇಟ್ ಕೆಲಸದವರು. ಅವರಿಗೆ ಹಲ್ಲು ಜಾಸ್ತಿ ಇದ್ದಷ್ಟೂ ಒಳ್ಳೆಯದು. ಗಟ್ಟಿ ಮರದ ಹಲಗೆಯನ್ನು ಉದ್ದಕ್ಕೆ ಸೀಳುವವರಿಗೆ ಮಾತ್ರ ಆ ಬ್ಲೇಡು ಆಗಿಬರುವುದಿಲ್ಲ.

ಚಿಕ್ಕಮಗಳೂರಿನ ಹತ್ತಿರ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಸುತ್ತಮುತ್ತ ಕಾಫಿ ತೋಟಗಳು. ತೋಟದಲ್ಲಿ ನೆರಳಿಗೂ ಮೆಣಸಿನ ಬಳ್ಳಿ ಹಬ್ಬಿಸುವುದಕ್ಕೂ ಬೆಳೆಸಿದ ಸಿಲ್ವರ್ ಓಕ್ ನನ್ನ ಮುಖ್ಯ ಮರ. ಜೊತೆಗೆ ಆಗಾಗ ತೇಗ, ಹಲಸು. ಹಲಗೆಗಳನ್ನು ಅಂಚಿಗೆ ಅಂಚು ಅಂಟಿಸಿ ಊಟದ ಮೇಜಿನ ಟಾಪ್ ಮಾಡುತ್ತೇನೆ. ಮೂರು ಅಡಿ ಅಗಲದ ಟಾಪ್‌ಗೆ ನಾಲ್ಕೂವರೆ ಇಂಚಿನ ಎಂಟು ಹಲಗೆ ಬೇಕು. ಅಂದರೆ ಏಳು ಜಾಯಿಂಟ್, ಹದಿನಾಲ್ಕು ಅಂಚು. ಹದಿನಾಲ್ಕನ್ನೂ ಉಜ್ಜುಗೊರಡು ಹಿಡಿದು ನೇರ ಮಾಡುತ್ತಾ ಕೂತರೆ ದಿನ ಮುಗಿಯುತ್ತದೆ. ಗರಗಸದಿಂದ ಬಂದ ಅಂಚಿಗೇ ಅಂಟು ಹಚ್ಚುವ ಹಾಗಿರಬೇಕು. ಬ್ಲೇಡಿನ ಹುಡುಕಾಟ ಶುರುವಾಗಿದ್ದು ಇದಕ್ಕೆ.

ಮೊದಲು ಲೆಕ್ಕ. ಟೇಬಲ್ ಸಾ ಅಂದರೆ ಮೇಜಿನ ನಡುವಿನಿಂದ ಬ್ಲೇಡು ಮೇಲೆದ್ದು ತಿರುಗುವ ಗರಗಸ. ನನ್ನದು ಹತ್ತಿಂಚಿನ ಬ್ಲೇಡು ಹಿಡಿಯುವ, ಎರಡು ಎಚ್‌ಪಿಯ, ಸಿಂಗಲ್ ಫೇಸ್ ಯಂತ್ರ. ನಿಮಿಷಕ್ಕೆ ಸುಮಾರು 4,000 ಸುತ್ತು. ಹಲಗೆಯನ್ನು ನಿಮಿಷಕ್ಕೆ 3 ಮೀಟರ್ ವೇಗದಲ್ಲಿ ತಳ್ಳುತ್ತೇನೆ ಅಂದುಕೊಳ್ಳಿ. 24 ಹಲ್ಲಿನ ಬ್ಲೇಡಿನಲ್ಲಿ ನಿಮಿಷಕ್ಕೆ 96,000 ಹಲ್ಲು ಮರಕ್ಕೆ ಬಡಿಯುತ್ತವೆ. ಒಂದೊಂದು ಹಲ್ಲಿನ ಪಾಲಿಗೆ 0.03 ಮಿಮೀ ಮರ. 80 ಹಲ್ಲಾದರೆ ಪಾಲು 0.01 ಮಿಮೀಗಿಂತ ಕಡಿಮೆ. ಅಷ್ಟು ತೆಳ್ಳಗಾದರೆ ಹಲ್ಲು ಮರವನ್ನು ಕೊಯ್ಯುವುದಕ್ಕಿಂತ ತಿಕ್ಕುವುದೇ ಹೆಚ್ಚು. ತಿಕ್ಕಿದರೆ ಬಿಸಿ. ಜೊತೆಗೆ ಹಲ್ಲುಗಳ ನಡುವಿನ ಸಂದು ಚಿಕ್ಕದು. ಉದ್ದಕ್ಕೆ ಸೀಳುವಾಗ ಬರುವುದು ನಾರುನಾರಾದ ಉದ್ದ ಹೊಟ್ಟು. ಅದು ಆ ಸಂದಿನಲ್ಲಿ ತುಂಬಿಕೊಂಡು ಹೊರಗೆ ಬರುವುದಿಲ್ಲ. ಬ್ಲೇಡು ಕಾಯುತ್ತದೆ, ಕಾದ ತಟ್ಟೆ ಸೊಟ್ಟಗಾಗುತ್ತದೆ, ಅಂಚು ಕಪ್ಪಾಗುತ್ತದೆ.

ಕಪ್ಪು ಅಂಚು ನೋಡುವುದಕ್ಕಷ್ಟೇ ಕೆಟ್ಟದಲ್ಲ. ಸುಟ್ಟ, ಹೊಳಪು ಬಂದ ಅಂಚಿನೊಳಗೆ ಅಂಟು ಇಳಿಯುವುದಿಲ್ಲ. ಪರೀಕ್ಷೆ ಸುಲಭ. ಅಂಚಿನ ಮೇಲೆ ಒಂದು ಹನಿ ನೀರು ಬಿಡಿ. ಹರಡಿಕೊಂಡು ಒಳಗೆ ಇಳಿದರೆ ಸರಿ. ಮಣಿಯ ಹಾಗೆ ಉರುಟಾಗಿ ನಿಂತರೆ ಅಲ್ಲಿ ಅಂಟೂ ಹಾಗೇ ಮೇಲೆಯೇ ನಿಲ್ಲುತ್ತದೆ. ಮುಟ್ಟಿದರೆ ಗಾಜಿನಂತಿರುವ ಅಂಚು ಅಂಟಿಗೆ ಒಳ್ಳೆಯದು ಅಂತ ತುಂಬಾ ಜನ ನಂಬಿದ್ದಾರೆ. ನನಗೆ ಬೇಕಾದದ್ದು ಸಪಾಟಾದ, ತೆರೆದ ನಾರಿನ ಅಂಚು.

ಇನ್ನು ಹಲ್ಲಿನ ಆಕಾರ. ಸೀಳುವ ಬ್ಲೇಡಿನಲ್ಲಿ ಹಲ್ಲಿನ ತುದಿ ಉಳಿಯ ಬಾಯಿಯ ಹಾಗೆ ನೇರವಾಗಿ ಇರುತ್ತದೆ. ಫ್ಲ್ಯಾಟ್ ಟಾಪ್ ಅನ್ನುತ್ತಾರೆ. ಹಲ್ಲು ಮುಂದಕ್ಕೆ 20 ಡಿಗ್ರಿ ಆಸುಪಾಸು ಬಾಗಿರುತ್ತದೆ, ಹಾಗಾಗಿ ಮರವನ್ನು ತಾನೇ ಎಳೆದುಕೊಳ್ಳುತ್ತದೆ. ಮೋಟರಿಗೆ ಹೊರೆ ಕಡಿಮೆ. ಅಡ್ಡ ಕೊಯ್ಯುವ ಬ್ಲೇಡಿನಲ್ಲಿ ಒಂದು ಹಲ್ಲು ಎಡಕ್ಕೆ ಓರೆ, ಮುಂದಿನದ್ದು ಬಲಕ್ಕೆ ಓರೆ. ಅದು ಎಟಿಬಿ (ಆಲ್ಟರ್ನೇಟ್ ಟಾಪ್ ಬೆವೆಲ್). ಅಡ್ಡ ನಾರನ್ನು ಚಾಕುವಿನಂತೆ ಕತ್ತರಿಸಲು ಆ ಓರೆ ಬೇಕು. ಉದ್ದಕ್ಕೆ ಸೀಳುವಾಗ ಅದರಿಂದ ದೊಡ್ಡ ಲಾಭವಿಲ್ಲ. ಮೂರನೆಯದು ಟ್ರಿಪಲ್ ಚಿಪ್. ಮೂಲೆ ಸವರಿದ ಒಂದು ಹಲ್ಲು ಸ್ವಲ್ಪ ಎತ್ತರಕ್ಕಿದ್ದು ಮೊದಲು ಕಾಲುವೆ ತೋಡುತ್ತದೆ, ಹಿಂದೆ ಬರುವ ಚಪ್ಪಟೆ ಹಲ್ಲು ಬದಿಗಳನ್ನು ಕೆರೆದು ಶುದ್ಧ ಮಾಡುತ್ತದೆ.

ಗ್ಲೂ ಲೈನ್ ರಿಪ್ (ಸೀಳಿದ ಅಂಚಿಗೇ ಅಂಟು ಹಚ್ಚಬಹುದಾದದ್ದು) ಅಂತ ಮಾರುವ ಬ್ಲೇಡುಗಳು ಸಾಮಾನ್ಯವಾಗಿ ಈ ಮೂರನೆಯ ಜಾತಿಯವು. ಇಟಲಿಯ ಫ್ರಾಯ್ಡ್ ಕಂಪನಿಯ ಹತ್ತಿಂಚಿನದ್ದು 30 ಹಲ್ಲಿನದು. ಇವುಗಳ ಗುಟ್ಟು ಹಲ್ಲಿನ ಬದಿಯಲ್ಲಿದೆ. ಹಲ್ಲಿನ ಬದಿಗೂ ಮರಕ್ಕೂ ನಡುವೆ ಬಿಟ್ಟಿರುವ ಸಡಿಲ ಬಹಳ ಕಡಿಮೆ. ಆದ್ದರಿಂದ ಹಲ್ಲಿನ ಪಕ್ಕವೂ ಅಂಚನ್ನು ಸವರುತ್ತಾ ಹೋಗುತ್ತದೆ, ಗೆರೆ ಉಳಿಯುವುದಿಲ್ಲ. ತೊಂದರೆಯೂ ಅಲ್ಲೇ ಇದೆ. ಫೆನ್ಸ್, ಅಂದರೆ ಹಲಗೆಯನ್ನು ಒರಗಿಸಿ ತಳ್ಳುವ ಪಕ್ಕದ ಪಟ್ಟಿ, ಸ್ವಲ್ಪ ಸೊಟ್ಟ ಇದ್ದರೂ ಈ ಬ್ಲೇಡು ಮರ ಸುಡುತ್ತದೆ, 24 ಹಲ್ಲಿನದ್ದು ಸಹಿಸಿಕೊಳ್ಳುತ್ತದೆ. ಇದು ಒಂದಿಂಚಿನ ಆಸುಪಾಸಿನ ಹಲಗೆಗೆ ಚೆನ್ನ. ಎರಡಿಂಚಿನ ತೇಗಕ್ಕೆ ನಾನು ಹಾಕುವುದಿಲ್ಲ.

ನನ್ನ ಹತ್ತಿರ ಈಗ ಎರಡೂ ಇವೆ. ಮಿಲ್‌ನಿಂದ ಬಂದ ಹಲಗೆಯನ್ನು ಸೈಜಿಗೆ ತರಲು 24 ಹಲ್ಲಿನ ಫ್ಲ್ಯಾಟ್ ಟಾಪ್. ಒಂದಿಂಚಿನ ಹಲಗೆಗಳ ಕೊನೆಯ ಕೊಯ್ತಕ್ಕೆ 30 ಹಲ್ಲಿನ ಟ್ರಿಪಲ್ ಚಿಪ್. ಮೇಜಿನ ಟಾಪ್‌ಗಳಲ್ಲಿ ಕೆಲವು ಒಂದೂವರೆ ಇಂಚು ದಪ್ಪ ಇರುತ್ತವೆ. ಅವಕ್ಕೆ ಕೊನೆಯ ಕೊಯ್ತವೂ 24ರಲ್ಲೇ. ಯಂತ್ರ ಸರಿಯಾಗಿ ಕೂತಿದ್ದರೆ ಅದರ ಅಂಚಿಗೂ ಧೈರ್ಯವಾಗಿ ಅಂಟು ಹಚ್ಚಬಹುದು. ಒಂದೇ ಬ್ಲೇಡಿಗೆ ದುಡ್ಡು ಇದೆ ಅನ್ನುವವರಿಗೆ ನಾನು ಹೇಳುವುದು ಈ 24ನ್ನೇ. ಎಲ್ಲಕ್ಕೂ ಒಂದೇ ಇರಲಿ ಅಂತ 40 ಹಲ್ಲಿನದ್ದನ್ನು ಕೊಳ್ಳುವವರಿದ್ದಾರೆ. ಮುಕ್ಕಾಲು ಇಂಚಿನ ಮರಕ್ಕೆ ಅದು ನಡೆಯುತ್ತದೆ. ದಪ್ಪ ಮರದಲ್ಲಿ ಕೈ ಸೋಲುತ್ತದೆ.

ಕೊಳ್ಳುವಾಗ ತೂತಿನ ಅಳತೆ ನೋಡಿಕೊಳ್ಳಿ. ಅಮೆರಿಕದ ವಿಡಿಯೋ ನೋಡಿ ಬ್ಲೇಡು ತರಿಸಿದರೆ ತೂತು 5/8 ಇಂಚು, ಅಂದರೆ ಸುಮಾರು 15.9 ಮಿಮೀ ಇರುತ್ತದೆ. ನಮ್ಮಲ್ಲಿ ಸಿಗುವ ಹೆಚ್ಚಿನ ಯಂತ್ರಗಳ ಶಾಫ್ಟ್ 25.4 ಅಥವಾ 30 ಮಿಮೀ. ನಾನು ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ತೆಗೆದುಕೊಂಡಿದ್ದು 30 ಮಿಮೀ ತೂತಿನದ್ದು, ನಡುವೆ 25.4ಕ್ಕೆ ಇಳಿಸುವ ಬಳೆ. ಬಳೆಯನ್ನು ಅಂಗಡಿಯಲ್ಲೇ ಹಾಕಿ ನೋಡಿದೆ. ಬೆರಳಲ್ಲಿ ಒತ್ತಿದರೆ ಬಿಗಿಯಾಗಿ ಕೂರಬೇಕು. ಗಲಗಲ ಅಂದರೆ ಬೇರೆ ಕೇಳಿ. ಬ್ಲೇಡಿನ ಮೇಲೆ ಬರೆದಿರುವ ಗರಿಷ್ಠ ವೇಗ ನಿಮ್ಮ ಯಂತ್ರದ ವೇಗಕ್ಕಿಂತ ಹೆಚ್ಚಿರಬೇಕು. ಇದನ್ನು ಬಿಡಲೇಬೇಡಿ.

ದಪ್ಪದ ವಿಷಯದಲ್ಲಿ ನಾನು ಬಹಳ ಯೋಚನೆ ಮಾಡಿದೆ. ಪೂರ್ತಿ ದಪ್ಪದ ಬ್ಲೇಡು 3.2 ಮಿಮೀ ಮರ ತಿನ್ನುತ್ತದೆ, ತೆಳುವಿನದ್ದು 2.4. ದಪ್ಪದ್ದು ಅಲುಗಾಡುವುದಿಲ್ಲ, ಅಂಚು ಇನ್ನೂ ಚೆನ್ನಾಗಿ ಬರುತ್ತದೆ. ಆದರೆ ಎರಡು ಎಚ್‌ಪಿಯ ಮೋಟರು ಒಂದೂವರೆ ಇಂಚಿನ ಮರದಲ್ಲಿ ಅದನ್ನು ತಿರುಗಿಸಲು ಒದ್ದಾಡುತ್ತದೆ. ಸಂಜೆ ಹೊತ್ತು ವೋಲ್ಟೇಜ್ ಇಳಿದರಂತೂ ಕೇಳುವುದೇ ಬೇಡ. ಮೋಟರು ನಿಧಾನವಾದರೆ ಕೈಯೂ ನಿಧಾನವಾಗುತ್ತದೆ, ಅಲ್ಲೇ ಸುಡುತ್ತದೆ. ಹಾಗಾಗಿ ತೆಳುವಿನದ್ದೇ ಆರಿಸಿದೆ. ಇದಕ್ಕೊಂದು ಕಟ್ಟುಪಾಡಿದೆ. ಬ್ಲೇಡಿನ ಹಿಂದೆ ನಿಂತು ಸೀಳು ಮುಚ್ಚದಂತೆ ತಡೆಯುವ ತಗಡು, ರಿವಿಂಗ್ ನೈಫ್, ಬ್ಲೇಡಿನ ತಟ್ಟೆಗಿಂತ ದಪ್ಪ, ಹಲ್ಲಿನ ಅಗಲಕ್ಕಿಂತ ತೆಳು ಇರಬೇಕು. ನನ್ನದು 2.2 ಮಿಮೀ. ಹಲ್ಲು 2.4 ಮಿಮೀ, ತಟ್ಟೆ 1.8. ಸರಿಹೊಂದಿತು. ರಿವಿಂಗ್ ನೈಫ್ ಬಿಚ್ಚಿಟ್ಟು ಸೀಳುವವರನ್ನು ನೋಡಿದರೆ ನನಗೆ ಮೈ ನಡುಗುತ್ತದೆ. ಒಳಗೆ ಒತ್ತಡ ಇರುವ ಹಲಗೆ ಸೀಳುತ್ತಿದ್ದಂತೆ ಮುಚ್ಚಿಕೊಳ್ಳುತ್ತದೆ, ಬ್ಲೇಡನ್ನು ಕಚ್ಚುತ್ತದೆ, ಹಲಗೆ ಎದೆಗೆ ಬರುತ್ತದೆ. ಪ್ಲೈವುಡ್ ಹಲಗೆಯ ಕೆಳಗೆ ಮಾರ್ಬಲ್ ಕಟರ್ ತಲೆಕೆಳಗಾಗಿ ಬಿಗಿದು ಟೇಬಲ್ ಸಾ ಮಾಡಿಕೊಳ್ಳುವವರೂ ಇದ್ದಾರೆ. ಅದರಲ್ಲಿ ನೈಫೂ ಇಲ್ಲ, ಬ್ಲೇಡನ್ನು ಮುಚ್ಚುವ ಗಾರ್ಡೂ ಇಲ್ಲ. ಅದರ ಬಗ್ಗೆ ಬ್ಲೇಡಿನ ಸಲಹೆ ನಾನು ಕೊಡಲಾರೆ.

ಒಳ್ಳೆಯ ಬ್ಲೇಡು ತಂದು ಹಾಕಿದ ಮೇಲೂ ಅಂಚು ಸರಿಬರುವುದು ಯಂತ್ರ ಹೊಂದಿಸಿದ ಮೇಲೇ. ಪ್ಲಗ್ ಕಿತ್ತು ಕೆಲಸ ಶುರು. ಮೊದಲು ಬ್ಲೇಡು ಕೂರುವ ಫ್ಲ್ಯಾಂಜ್ ಒರೆಸಿಕೊಳ್ಳುತ್ತೇನೆ. 50 ಮಿಮೀ ಫ್ಲ್ಯಾಂಜಿನ ಅಂಚಿನಲ್ಲಿ 0.05 ಮಿಮೀ ಹೊಟ್ಟು ಸಿಕ್ಕಿಕೊಂಡರೂ ಹತ್ತಿಂಚಿನ ಬ್ಲೇಡಿನ ಹೊರಗಡೆ ಅದು ಐದು ಪಟ್ಟು, ಕಾಲು ಮಿಮೀ ಅಲುಗಾಟ. ಆಮೇಲೆ ಒಂದು ಹಲ್ಲಿಗೆ ಸ್ಕೆಚ್ ಪೆನ್ನಲ್ಲಿ ಗುರುತು. ಯಂತ್ರದ ಮೇಜಿನ ಮೇಲೆ ಉದ್ದಕ್ಕೆ ಇರುವ ಕಾಲುವೆಯಲ್ಲಿ ಡಯಲ್ ಗೇಜ್ (ಸೂಕ್ಷ್ಮ ವ್ಯತ್ಯಾಸ ಅಳೆಯುವ ಸಾಧನ) ಇಟ್ಟು ಆ ಹಲ್ಲನ್ನು ಮುಂದೆ ಒಮ್ಮೆ, ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಅಳೆಯುತ್ತೇನೆ. ಅದೇ ಹಲ್ಲು ಆಗಬೇಕು. ಬೇರೆ ಹಲ್ಲಾದರೆ ಬ್ಲೇಡಿನ ವಂಕ ಎಷ್ಟು, ಯಂತ್ರದ ವಂಕ ಎಷ್ಟು ಗೊತ್ತಾಗುವುದಿಲ್ಲ. ವ್ಯತ್ಯಾಸ 0.1 ಮಿಮೀ ಒಳಗಿದ್ದರೆ ಸಾಕು. ಫೆನ್ಸನ್ನು ಅದೇ ಕಾಲುವೆಗೆ ಸಮಾನಾಂತರ ಇಡುತ್ತೇನೆ. ಹಿಂದಿನ ತುದಿ ಬ್ಲೇಡಿನಿಂದ ಕೂದಲೆಳೆಯಷ್ಟು ಹೊರಗಿದ್ದರೆ ಪರವಾಗಿಲ್ಲ. ಒಳಗೆ ಮಾತ್ರ ಇರಬಾರದು.

ಅಂಚನ್ನು ಓದುವುದು ಕಲಿತರೆ ಗೇಜ್ ಬೇಕಾಗುವುದೂ ಕಡಿಮೆ. ಗೆರೆಗಳು ಒಂದೇ ಕಡೆ ಬಾಗಿದ್ದರೆ ಮುಂದಿನ ಹಲ್ಲುಗಳು ಮಾತ್ರ ಕೊಯ್ಯುತ್ತಿವೆ, ಒಳ್ಳೆಯದು. ಗೆರೆಗಳು ಒಂದನ್ನೊಂದು ದಾಟಿದ್ದರೆ ಹಿಂದೆ ಮೇಲೇಳುವ ಹಲ್ಲುಗಳೂ ಮರ ಮುಟ್ಟುತ್ತಿವೆ, ಫೆನ್ಸ್ ನೋಡಿ. ಮುಕ್ಕಾಲು ಮಿಲಿಮೀಟರಿಗೊಂದರಂತೆ ಗೆರೆ ಬಂದರೆ ಅದಕ್ಕೂ ಲೆಕ್ಕವಿದೆ. ನಿಮಿಷಕ್ಕೆ 3,000 ಮಿಮೀ ಮರವನ್ನು 4,000 ಸುತ್ತಿಗೆ ಹಂಚಿದರೆ ಸುತ್ತಿಗೆ 0.75 ಮಿಮೀ. ಅಂದರೆ ಸುತ್ತಿಗೊಮ್ಮೆ ಒಂದೇ ಹಲ್ಲು ಎದ್ದು ಕೊಯ್ಯುತ್ತಿದೆ. ಬ್ಲೇಡು ಅಲುಗುತ್ತಿದೆ, ಇಲ್ಲವೇ ಒಂದು ಹಲ್ಲು ಆಚೆ ಬಂದಿದೆ. ಒಂದೇ ಜಾಗದಲ್ಲಿ ಕಪ್ಪು ಕಲೆ ಇದ್ದರೆ ಅಲ್ಲಿ ಕೈ ಬದಲಾಯಿಸಲು ನೀವು ನಿಂತಿದ್ದೀರಿ, ಅಷ್ಟೇ.

ಕೊಯ್ಯುವ ಕ್ರಮ ಹೀಗೆ. ಮೊದಲು ಪ್ಲೈವುಡ್‌ನ ನೇರ ಪಟ್ಟಿಗೆ ಹಲಗೆ ಬಿಗಿದು ಒಂದು ಅಂಚು ನೇರ ಮಾಡಿಕೊಳ್ಳುತ್ತೇನೆ. ಆಮೇಲೆ ಬೇಕಾದ ಅಗಲಕ್ಕಿಂತ ಜಾಸ್ತಿ ಇಟ್ಟು ಸೀಳಿ, ಒಂದು ರಾತ್ರಿ ಬಿಡುತ್ತೇನೆ. ಒತ್ತಡ ಬಿಟ್ಟ ಹಲಗೆ ಅಷ್ಟರಲ್ಲಿ ಎಷ್ಟು ಬಾಗಬೇಕೋ ಅಷ್ಟು ಬಾಗಿರುತ್ತದೆ. ಬಾಗಿದ್ದನ್ನು ಮತ್ತೆ ನೇರ ಮಾಡಿ ಕೊನೆಯ ಕೊಯ್ತ. ಆ ಕೊಯ್ತಕ್ಕೆ ನಾಲ್ಕೈದು ಮಿಮೀ ಉಳಿಸುತ್ತೇನೆ. ಅರ್ಧ ಮಿಮೀ ಕೆರೆದರೆ ಸಾಕಲ್ವಾ ಅಂತ ಕೇಳುತ್ತಾರೆ. ದಪ್ಪ ಬ್ಲೇಡಿಗೆ ಸಾಕು. ತೆಳು ಬ್ಲೇಡಿಗೆ ಒಂದೇ ಬದಿಯಲ್ಲಿ ಮರ ಸಿಕ್ಕಿದರೆ ಅದು ಖಾಲಿ ಕಡೆಗೆ ವಾಲುತ್ತದೆ. ಎರಡೂ ಕಡೆ ಗೋಡೆ ಇದ್ದರೆ ನೆಟ್ಟಗೆ ಹೋಗುತ್ತದೆ. ಬ್ಲೇಡಿನ ಎತ್ತರ, ಹಲ್ಲಿನ ಸಂದು ಹಲಗೆಯ ಮೇಲೆ ಕಾಣುವಷ್ಟು. ಬ್ಲೇಡಿನ ಮೇಲೆ ಗಾರ್ಡ್, ಕೈಯಲ್ಲಿ ಪುಶ್ ಸ್ಟಿಕ್. ತಳ್ಳಲು ಶುರು ಮಾಡಿದ ಮೇಲೆ ನಿಲ್ಲಿಸುವ ಹಾಗಿಲ್ಲ.

ಬ್ಲೇಡು ಪೂರ್ತಿ 90 ಡಿಗ್ರಿ ನಿಲ್ಲದಿದ್ದರೂ ದಾರಿ ಇದೆ. 0.2 ಡಿಗ್ರಿ ತಪ್ಪಿದರೆ ಒಂದೂವರೆ ಇಂಚಿನ ಹಲಗೆಯ ಒಂದು ಅಂಚಿಗೆ 0.13 ಮಿಮೀ ಸೊಟ್ಟ, ಎರಡು ಅಂಚು ಸೇರಿದರೆ ಕಾಲು ಮಿಮೀ ಸಂದು. ಫೆವಿಕಾಲ್ ಅಷ್ಟು ಸಂದನ್ನು ತುಂಬಿ ಹಿಡಿಯುವ ಅಂಟಲ್ಲ. ಅದಕ್ಕೆ ಹಲಗೆಗಳನ್ನು ಟಾಪ್‌ನ ಕ್ರಮದಲ್ಲಿ ಜೋಡಿಸಿ ನಂಬರ್ ಹಾಕುತ್ತೇನೆ. ಪ್ರತಿ ಜಾಯಿಂಟಿನಲ್ಲೂ ಒಂದು ಹಲಗೆಯ ಮೇಲ್ಮುಖ ಮೇಲೆ ಇಟ್ಟು, ಪಕ್ಕದ್ದರ ಮೇಲ್ಮುಖ ಕೆಳಗೆ ಮಾಡಿ ಕೊಯ್ಯುತ್ತೇನೆ. ಒಂದು ಅಂಚು 89.8 ಆದರೆ ಇನ್ನೊಂದು 90.2. ಸೇರಿಸಿದಾಗ ಟಾಪ್ ಚಪ್ಪಟೆ. ಆಮೇಲೆ ಅಂಟಿಲ್ಲದೆ ಒಂದರ ಮೇಲೊಂದು ನಿಲ್ಲಿಸಿ ಹಿಂದೆ ಬಲ್ಬ್ ಹಿಡಿಯುತ್ತೇನೆ. ಬೆಳಕು ಕಾಣಬಾರದು. ಕ್ಲ್ಯಾಂಪಿನಿಂದ ಎಳೆದು ಮುಚ್ಚಿದ ಸಂದು ಬೇಸಿಗೆಯಲ್ಲಿ ಮತ್ತೆ ಬಾಯಿ ಬಿಡುತ್ತದೆ.

ಮಲೆನಾಡಿನ ಮಳೆಗಾಲದಲ್ಲಿ ಕೊಯ್ದ ದಿನವೇ ಅಂಟಿಸಬೇಕು. ಇವತ್ತು ಕೂಡಿದ ಅಂಚು ಎರಡು ದಿನ ಬಿಟ್ಟರೆ ಕೂಡುವುದಿಲ್ಲ. ಕ್ಲ್ಯಾಂಪನ್ನೂ ಜಾಸ್ತಿ ಹೊತ್ತು ಬಿಡಬೇಕು. ತೇಗದಲ್ಲಿ ಎಣ್ಣೆಯ ಅಂಶ ಇದೆ. ಅಂಟಿಗೆ ಮೊದಲು ಥಿನ್ನರ್ ಬಟ್ಟೆಯಲ್ಲಿ ಅಂಚು ಒರೆಸಿ, ಒಣಗಿದ ಕೂಡಲೇ ಹಚ್ಚುತ್ತೇನೆ. ತೇಗದಲ್ಲಿ ಸಿಲಿಕಾ ಕೂಡ ಇರುವುದರಿಂದ ಬ್ಲೇಡು ಬೇಗ ಮೊಂಡಾಗುತ್ತದೆ. ಸಿಲ್ವರ್ ಓಕ್ ಆ ವಿಷಯದಲ್ಲಿ ಸಾಧು ಮರ.

ಬ್ಲೇಡು ಮೊಂಡಾಯಿತು ಅನ್ನಿಸಿದರೆ ಮೊದಲು ತೊಳೆಯಿರಿ. ಹಲ್ಲಿಗೆ ಹತ್ತಿದ ಮರದ ಮೇಣವೇ ಎಷ್ಟೋ ಸಲ ಕಾರಣ. ವಾಷಿಂಗ್ ಸೋಡಾ ಕಲಸಿದ ಬಿಸಿನೀರಲ್ಲಿ ಸ್ವಲ್ಪ ಹೊತ್ತಿಟ್ಟು ಹಳೆ ಟೂತ್ ಬ್ರಷ್‌ನಿಂದ ಉಜ್ಜಿ, ಒಣಗಿಸಿ, ತೆಳ್ಳಗೆ ಎಣ್ಣೆ ಸವರಿದರೆ ಆಯಿತು. ಕಾಸ್ಟಿಕ್ ಬೇಡ. ತೊಳೆದ ಮೇಲೂ ತಳ್ಳುವುದಕ್ಕೆ ಕೈಗೆ ಶ್ರಮ ಆಗುತ್ತಿದ್ದರೆ ಸಾಣೆಗೆ ಕೊಡಿ. ಕಾರ್ಬೈಡ್ ಹಲ್ಲಿಗೆ ಡೈಮಂಡ್ ಚಕ್ರದ ಯಂತ್ರ ಇರುವವರೇ ಬೇಕು. ಕೊಡುವಾಗ ಹಲ್ಲಿನ ಆಕಾರ ಬರೆದುಕೊಡಿ. ನನ್ನ ಒಂದು ಟ್ರಿಪಲ್ ಚಿಪ್ ಬ್ಲೇಡು ಸಾಣೆಯಿಂದ ವಾಪಸ್ ಬಂದಾಗ ಅಷ್ಟೂ ಹಲ್ಲು ಎಡಬಲ ಓರೆಯಾಗಿತ್ತು. "ಎಲ್ಲಾ ಬ್ಲೇಡೂ ಹಿಂಗೇ ಮಾಡೋದು ಸಾರ್" ಅಂದರು. ಅದು ಈಗ ಪ್ಲೈವುಡ್ ಕೊಯ್ಯುತ್ತಿದೆ. ಆಮೇಲಿಂದ 24 ಹಲ್ಲಿನದ್ದನ್ನು ಕೊಡುವಾಗಲೂ ತಟ್ಟೆಯ ಮೇಲೇ ಮಾರ್ಕರ್‌ನಲ್ಲಿ "ಚಪ್ಪಟೆ ಹಲ್ಲು, 20 ಡಿಗ್ರಿ, ಓರೆ ಬೇಡ" ಅಂತ ಬರೆದು ಕೊಡುತ್ತೇನೆ.